ಕಂಠ, ಕಡತ, ಕಲಮದಾನ

ಸರ್ಕಾರಿ ಕಚೇರಿಗಳಲ್ಲಿ ‘ಕಡತ’ ಎಂಬ ಮಾತು ದಿನಕ್ಕೆ ನೂರು ಸಲ ಕೇಳಿಬರುತ್ತದೆ. ಕಡತವು ಮೇಜಿನಿಂದ ಮೇಜಿಗೆ ಸಾಗುತ್ತದೆ. ಕಡತದಲ್ಲಿ ಸಹಿ ಬೀಳುತ್ತದೆ. ಕೆಲವೊಮ್ಮೆ ಕಡತವೇ ಕಾಣೆಯಾಗಿ ಜನರನ್ನು ಅಲೆದಾಡಿಸುವುದೂ ಉಂಟು. ಇಂದು ಆ ಮಾತಿಗೆ ರಟ್ಟಿನ ಹೊದಿಕೆಯೊಳಗೆ ದಾರ ಪೋಣಿಸಿ ಕಟ್ಟಿದ ಕಾಗದಗಳು ಎಂದಷ್ಟೇ ಅರ್ಥ. ಆದರೆ ಇನ್ನೂರು ವರ್ಷಗಳ ಹಿಂದೆ ಮೈಸೂರಿನ ಅಂಗಡಿಬೀದಿಯಲ್ಲಿ ಕಡತವೆಂದರೆ ಕಾಗದವಾಗಿರಲಿಲ್ಲ, ಬಟ್ಟೆಯಾಗಿತ್ತು. ಅದು ಪುಸ್ತಕವೂ ಹೌದು, ಹಲಗೆಯೂ ಹೌದು, ತನ್ನನ್ನು ತಾನೇ ಕಾಪಾಡಿಕೊಳ್ಳುವ ಪೆಟ್ಟಿಗೆಯೂ ಹೌದು.

ಬರವಣಿಗೆಯ ಚರಿತ್ರೆಯನ್ನು ಹೇಳುವವರು ಲಿಪಿಗಳ ಹುಟ್ಟನ್ನು ವಿವರಿಸುತ್ತಾರೆ. ಶಾಸನ, ಓಲೆ, ಕಾಗದ, ಅಚ್ಚಿನ ಮೊಳೆಗಳ ವಿಷಯವನ್ನು ಹೇಳುತ್ತಾರೆ. ಲೇಖನಿಯನ್ನು ಇಟ್ಟುಕೊಳ್ಳುವ ಒರೆ, ಬರೆದದ್ದನ್ನು ಸುತ್ತಿಡುವ ವಸ್ತ್ರ, ಅದನ್ನು ಬಿಗಿಹಿಡಿಯುವ ಹಲಗೆ, ಹೊತ್ತು ಸಾಗಿಸುವ ಪೆಟ್ಟಿಗೆ ಇವುಗಳ ವಿಷಯವನ್ನು ಹೇಳುವವರು ಕಡಮೆ. ಆದರೆ ಬರೆದದ್ದು ಉಳಿಯುವುದೋ ಅಳಿಯುವುದೋ ಎಂಬುದು ಬಹುಮಟ್ಟಿಗೆ ಇವುಗಳ ಮೇಲೆಯೇ ನಿಂತಿದೆ. ಬರಹಕ್ಕೆ ಶತ್ರುಗಳು ಅನೇಕ. ಮಳೆಗಾಲದ ತೇವ, ಬೇಸಿಗೆಯ ಒಣಹವೆ, ಗೆದ್ದಲು, ಇಲಿ, ಬೆಂಕಿ ಇವು ಪ್ರಕೃತಿಯಿಂದ ಬಂದವು. ತಿದ್ದುವ, ಅಳಿಸುವ, ಬದಲಾಯಿಸುವ ಮನುಷ್ಯನ ಕೈ ಇನ್ನೊಂದು. ಒಂದೊಂದು ಕಾಲದ ಹೊದಿಕೆಯೂ ಇವುಗಳಲ್ಲಿ ಒಂದಲ್ಲ ಒಂದು ಶತ್ರುವನ್ನು ಎದುರಿಸಲು ಹುಟ್ಟಿದುದೇ ಆಗಿದೆ.

ಕಡತವನ್ನು ತಯಾರಿಸುವ ಕ್ರಮವು ಸರಳವಾದುದು. ಸುಮಾರು ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲವೂ, ೧೨ರಿಂದ ೧೮ ಅಡಿಗಳವರೆಗೆ ಉದ್ದವೂ ಇರುವ ಹತ್ತಿಬಟ್ಟೆಯ ಪಟ್ಟಿಯನ್ನು ತೆಗೆದುಕೊಳ್ಳುತ್ತಿದ್ದರು. ಹುಣಿಸೆಬೀಜವನ್ನು ಅರೆದು ಕಾಯಿಸಿದ ಅಂಟಿನಲ್ಲಿ ನುಣ್ಣಗೆ ಪುಡಿಮಾಡಿದ ಇದ್ದಲನ್ನು ಕಲಸಿ, ಬಟ್ಟೆಯ ಎರಡೂ ಮುಖಗಳಿಗೆ ಬಳಿದು ಒಣಗಿಸುತ್ತಿದ್ದರು. ಬಟ್ಟೆಯು ಕಪ್ಪಾಗಿ, ಗಟ್ಟಿಯಾಗಿ, ನಯವಾಗುತ್ತಿತ್ತು. ಬಳಿಕ ಅದನ್ನು ಎಲ್ಲಿಯೂ ಕತ್ತರಿಸದೆ ಒಂದೇ ಅಳತೆಯ ಮಡಿಕೆಗಳಾಗಿ ಹಿಂದುಮುಂದಾಗಿ ಮಡಿಸುತ್ತಿದ್ದರು. ಮೊದಲ ಮತ್ತು ಕೊನೆಯ ಮಡಿಕೆಗಳಿಗೆ ತೆಳುವಾದ ಮರದ ಹಲಗೆಗಳನ್ನು ಅಂಟಿಸಿದರೆ ಕಡತವು ಸಿದ್ಧವಾದಂತೆ. ಹನ್ನೆರಡು ಅಡಿ ಉದ್ದದ ಬಟ್ಟೆಯನ್ನು ಆರು ಅಂಗುಲದ ಮಡಿಕೆಗಳಾಗಿ ಮಡಿಸಿದರೆ ಒಂದೊಂದು ಮುಖದಲ್ಲಿ ೨೪ ಪುಟಗಳು, ಎರಡೂ ಸೇರಿ ೪೮ ಪುಟಗಳು ದೊರೆಯುತ್ತವೆ. ಹಲಗೆ ಅಂಟಿದ ಎರಡು ಪುಟಗಳನ್ನು ಕಳೆದರೂ ೪೬ ಪುಟಗಳು ಬರಹಕ್ಕೆ ಉಳಿಯುತ್ತವೆ. ಯಾವ ಕಡೆಯಿಂದಲಾದರೂ ತೆರೆಯಬಹುದು. ಬೇಕೆನಿಸಿದಾಗ ಪೂರ್ತಿಯಾಗಿ ಬಿಚ್ಚಿ ನೆಲದ ಮೇಲೆ ಹಾಸಿ, ಒಂದು ವರ್ಷದ ಲೆಕ್ಕವನ್ನು ಒಂದೇ ನೋಟಕ್ಕೆ ತರಬಹುದು. ಹೊಲಿದ ಪುಸ್ತಕಕ್ಕೆ ಈ ಅನುಕೂಲವಿಲ್ಲ.

ಕಡತದ ಮೇಲೆ ಬರೆಯುತ್ತಿದ್ದುದು ಮಸಿಯಿಂದಲ್ಲ, ಬಳಪದಿಂದ. ಬಳಪದ ಕಲ್ಲು ಮೃದುವಾದುದು. ಉಗುರಿನಿಂದ ಗೀರಿದರೂ ಗೆರೆ ಮೂಡುವಷ್ಟು ಮೃದು. ಹೊಯ್ಸಳರ ಶಿಲ್ಪಿಗಳು ಬೇಲೂರು ಹಳೆಯಬೀಡುಗಳಲ್ಲಿ ಕುಸುರಿಕೆಲಸಕ್ಕೆ ಬಳಸಿದ ಕಲ್ಲಿನ ಜಾತಿಯೇ ಇದು. ಅದರ ಕಡ್ಡಿಯಿಂದ ಕಪ್ಪು ಬಟ್ಟೆಯ ಮೇಲೆ ಬರೆದರೆ ಬಿಳಿಯ ಅಕ್ಷರಗಳು ಮೂಡುತ್ತವೆ. ಒರಸಿದರೆ ಹೋಗುತ್ತವೆ, ಒರಸದಿದ್ದರೆ ತಲೆಮಾರುಗಳವರೆಗೆ ನಿಲ್ಲುತ್ತವೆ.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬಾತನು ೧೮೧೦ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಕಡತವನ್ನು ವಿವರವಾಗಿ ವರ್ಣಿಸಿದ್ದಾನೆ. ಮೇಲೆ ಹೇಳಿದ ಉದ್ದಗಲಗಳು ಆತನು ಕೊಟ್ಟವೇ. ಸ್ಥಿತಿವಂತರ ಕಡತಗಳ ಹಲಗೆಗಳಿಗೆ ಬಣ್ಣ ಬಳಿದು ಮೆರುಗು ಕೊಟ್ಟಿರುತ್ತಿತ್ತೆಂದೂ, ಅವನ್ನು ರೇಷ್ಮೆಯ ಅಥವಾ ಹತ್ತಿಯ ಚೀಲದಲ್ಲಿ ಇಡುತ್ತಿದ್ದರು ಇಲ್ಲವೆ ಪಟ್ಟಿಯಿಂದ ಕಟ್ಟುತ್ತಿದ್ದರೆಂದೂ, ಬಡವರ ಕಡತಗಳಿಗೆ ಬರಿಯ ದಾರವೇ ಗತಿಯೆಂದೂ ಆತನು ಹೇಳುತ್ತಾನೆ. ಆ ಕಾಲದಲ್ಲಿ ಮೈಸೂರು ಸೀಮೆಯ ವರ್ತಕರೂ ಅಂಗಡಿಯವರೂ ಎಲ್ಲೆಡೆಯಲ್ಲಿಯೂ ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿಯೇ. ಸಾಕ್ಷಿಗಳ ಸಮೇತ ಬರೆದ ಸಾಲಪತ್ರವೊಂದನ್ನು ವರ್ತಕನ ಕಡತದಲ್ಲಿ ಕಂಡುದಾಗಿಯೂ, ಅದನ್ನು ನ್ಯಾಯ ವಿಚಾರಣೆಯಲ್ಲಿ ಪ್ರಮಾಣವಾಗಿ ಸ್ವೀಕರಿಸಿದುದಾಗಿಯೂ ವಿಲ್ಕ್ಸ್ ದಾಖಲಿಸಿದ್ದಾನೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒರಸಿದರೆ ಅಳಿದುಹೋಗುವ ಬರಹವನ್ನು ನಂಬುವುದು ಹೇಗೆ? ಟಿಪ್ಪು ಸುಲ್ತಾನನಿಗೂ ಈ ಸಂದೇಹವು ಬಂದಿರಬೇಕು. ಸರ್ಕಾರದ ಲೆಕ್ಕಗಳನ್ನು ಕಡತದಲ್ಲಿ ಬರೆಯಕೂಡದೆಂದು ಆತನು ತನ್ನ ಆಡಳಿತದಲ್ಲಿ ನಿಷೇಧಿಸಿದನು. ನಿಷೇಧಕ್ಕೆ ಕಾರಣವಿತ್ತು. ಸೇರಿಗೆ ಬದಲು ಪಾವು ಎಂದು ತಿದ್ದಲು ಒದ್ದೆ ಬೆರಳೊಂದು ಸಾಕು. ತಿದ್ದಿದ ಗುರುತು ಉಳಿಯುವುದಿಲ್ಲ. ವಿಲ್ಕ್ಸನೂ ಈ ದೋಷವನ್ನು ಒಪ್ಪುತ್ತಾನೆ. ಆದರೆ ಅದರ ಜೊತೆಗೆ ಇನ್ನೊಂದು ಮಾತನ್ನು ಸೇರಿಸುತ್ತಾನೆ: ಕಲ್ಲು ಮತ್ತು ತಾಮ್ರಗಳನ್ನು ಬಿಟ್ಟರೆ ಭಾರತದಲ್ಲಿ ಬಳಕೆಯಲ್ಲಿದ್ದ ಬರಹದ ಸಾಧನಗಳಲ್ಲೆಲ್ಲ ಕಡತವೇ ಹೆಚ್ಚು ಬಾಳಿಕೆಯುಳ್ಳದ್ದು, ಉತ್ತಮ ಕಾಗದದ ಮೇಲಿನ ಉತ್ತಮ ಬರಹವೂ ಅದಕ್ಕೆ ಸಾಟಿಯಲ್ಲ. ಹೀಗೆ ಒಂದೇ ವಸ್ತುವು ಪ್ರಕೃತಿಯನ್ನು ಎದುರಿಸುವುದರಲ್ಲಿ ಬಲಶಾಲಿಯೂ, ಮನುಷ್ಯನನ್ನು ಎದುರಿಸುವುದರಲ್ಲಿ ದುರ್ಬಲವೂ ಆಗಿತ್ತು. ಅಂಗಡಿಯವನಿಗೆ ಅದು ಸಾಕಾಗಿತ್ತು. ಅವನ ಕಡತಕ್ಕೆ ಬೆಲೆ ಬರುತ್ತಿದ್ದುದು ಅವನ ನಡತೆಯಿಂದ. ಅರಸನಿಗೆ ಅದು ಸಾಲದಾಯಿತು. ಏಕೆಂದರೆ ಅವನ ಲೆಕ್ಕ ಬರೆಯುವವರೆಲ್ಲರ ನಡತೆಯನ್ನು ಬಲ್ಲವನು ಅವನಲ್ಲ.

ಕಡತಗಳು ಬಾಳಿಕೆ ಬರುತ್ತಿದ್ದುವು ಎಂಬ ಮಾತಿಗೆ ಮಲೆನಾಡಿನ ಶೃಂಗೇರಿಯೇ ಸಾಕ್ಷಿ. ವರ್ಷದಲ್ಲಿ ಹಲವು ತಿಂಗಳು ಮಳೆ ಸುರಿಯುವ ಆ ಊರಿನ ಮಠದಲ್ಲಿ ಹಳೆಯ ಲೆಕ್ಕಪತ್ರಗಳ ಕಡತಗಳು ಉಳಿದುಬಂದು, ಇತಿಹಾಸಕಾರರಿಗೆ ಅಮೂಲ್ಯವಾದ ಆಕರಗಳಾಗಿವೆ. ಟಿಪ್ಪು ಸುಲ್ತಾನನು ಆ ಮಠದ ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಯಿಸಿದ ಸುಮಾರು ಮೂವತ್ತು ಪತ್ರಗಳು ಬೆಳಕಿಗೆ ಬಂದುದು ಕೂಡ ಅಲ್ಲಿಯೇ. ೧೯೧೬ರಲ್ಲಿ ಮೈಸೂರಿನ ಪ್ರಾಕ್ತನ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು ಅವುಗಳನ್ನು ಪತ್ತೆಹಚ್ಚಿದರು. ಕಡತವನ್ನು ನಂಬದ ಅರಸನ ಮಾತುಗಳು, ಕಡತಗಳನ್ನು ಜೋಪಾನವಾಗಿ ಕಾಪಾಡಿದ ಮಠದಲ್ಲಿಯೇ ಉಳಿದುಕೊಂಡುದು ಒಂದು ಸ್ವಾರಸ್ಯ.

ಕಡತವು ಲೆಕ್ಕಕ್ಕೆ ಮತ್ತು ವ್ಯವಹಾರಕ್ಕೆ ಮೀಸಲಾಗಿತ್ತು. ಕಾವ್ಯ, ಶಾಸ್ತ್ರ, ವೈದ್ಯ, ಜ್ಯೋತಿಷ ಮುಂತಾದ ಗ್ರಂಥಗಳಿಗೆ ಓಲೆಗರಿಯೇ ಆಧಾರ. ತಾಳೆ ಮತ್ತು ಶ್ರೀತಾಳೆ ಎಂಬ ಎರಡು ಜಾತಿಯ ಮರಗಳ ಗರಿಗಳನ್ನು ಸಮನಾಗಿ ಕತ್ತರಿಸಿ, ಹದಮಾಡಿ, ಒಣಗಿಸಿ, ಉಜ್ಜಿ ನಯಗೊಳಿಸುತ್ತಿದ್ದರು. ಅವುಗಳ ಮೇಲೆ ಬರೆಯುವ ಸಾಧನಕ್ಕೆ ‘ಕಂಠ’ವೆಂದು ಹೆಸರು. ಕಂಠವೆಂದರೆ ಚೂಪಾದ ತುದಿಯುಳ್ಳ ಕಬ್ಬಿಣದ ಕಡ್ಡಿ. ಅದು ಗರಿಯ ಮೇಲೆ ಬರೆಯುವುದಿಲ್ಲ, ಕೊರೆಯುತ್ತದೆ. ಕೊರೆದ ಅಕ್ಷರಗಳು ಮೊದಲು ಕಣ್ಣಿಗೆ ಕಾಣಿಸುವುದೇ ಇಲ್ಲ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಗರಿಯ ಮೇಲೆ ಸವರಿ ಒರಸಿದಾಗ, ಮಸಿಯು ಗೀರುಗಳಲ್ಲಿ ಮಾತ್ರ ನಿಂತು ಅಕ್ಷರಗಳು ಸ್ಪಷ್ಟವಾಗುತ್ತವೆ. ಗರಿಯ ಎಳೆಗಳ ಉದ್ದಕ್ಕೆ ನೇರವಾದ ಗೆರೆ ಎಳೆದರೆ ಗರಿಯು ಸೀಳುತ್ತದೆ. ಕನ್ನಡದಂತಹ ದಕ್ಷಿಣದ ಲಿಪಿಗಳು ದುಂಡಗಾದುದಕ್ಕೆ ಇದೂ ಒಂದು ಕಾರಣವೆಂದು ಹಲವರು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಗದುಗಿನ ಕುಮಾರವ್ಯಾಸನು ತನ್ನ ಭಾರತದ ಪೀಠಿಕೆಯಲ್ಲಿ ತನ್ನ ಹಿರಿಮೆಗಳನ್ನು ಹೇಳಿಕೊಳ್ಳುವಾಗ ಈ ಸಾಧನಗಳನ್ನು ಸ್ಮರಿಸಿಕೊಂಡಿದ್ದಾನೆ. ಹಲಗೆ ಬಳಪಗಳನ್ನು ಹಿಡಿದು ಮೊದಲು ಕರಡು ಬರೆಯುವ ಅಗತ್ಯ ತನಗಿಲ್ಲವೆಂಬುದು ಆತನ ಒಂದು ಹೆಮ್ಮೆ. ಓಲೆಯ ಮೇಲೆ ಓಡುವ ಕಂಠದ ಸದ್ದು ನಡುವೆ ನಿಲ್ಲುವುದಿಲ್ಲವೆಂಬುದು ಇನ್ನೊಂದು. ಉಳಿದವರೆಲ್ಲ ಬಳಪದಿಂದ ಬರೆದು, ತಿದ್ದಿ, ಒರಸಿ, ಅನಂತರ ಓಲೆಗೆ ಏರಿಸುತ್ತಿದ್ದರೆಂಬ ಸಂಗತಿಯು ಈ ಹೆಮ್ಮೆಯ ಮಾತಿನಿಂದಲೇ ತಿಳಿದುಬರುತ್ತದೆ.

ಕಂಠವು ಹರಿತವಾದುದರಿಂದ ಅದನ್ನು ಬರಿಗೈಯಲ್ಲಿ ಒಯ್ಯುವುದು ಅಪಾಯಕರ. ದಕ್ಷಿಣ ಭಾರತದಲ್ಲಿ ಓಲೆ ಬರೆಯುವವರು ಅದನ್ನು, ಗರಿ ಕತ್ತರಿಸುವ ಪುಟ್ಟ ಚಾಕುವಿನೊಡನೆ, ಒರೆಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ವಾಡಿಕೆಯಿತ್ತು. ಕತ್ತಿಗೆ ಒರೆಯಿದ್ದಂತೆ ಲೇಖನಿಗೂ ಒರೆ. ಬರೆದ ಗರಿಗಳನ್ನು ಕಾಪಾಡುವುದು ಇನ್ನೂ ಸೂಕ್ಷ್ಮವಾದ ಕೆಲಸ. ಪ್ರತಿಯೊಂದು ಗರಿಯಲ್ಲಿಯೂ ಒಂದೇ ಜಾಗದಲ್ಲಿ ರಂಧ್ರ ಕೊರೆದು, ಎಲ್ಲವನ್ನೂ ದಾರದಲ್ಲಿ ಪೋಣಿಸಿ, ಮೇಲೊಂದು ಕೆಳಗೊಂದು ಮರದ ಹಲಗೆಯನ್ನು ಇಟ್ಟು, ಉಳಿದ ದಾರವನ್ನು ಸುತ್ತಲೂ ಸುತ್ತಿ ಕಟ್ಟುತ್ತಿದ್ದರು. ಹಲಗೆಯು ಗರಿಗಳಿಗಿಂತ ತುಸು ದೊಡ್ಡದಾಗಿರಬೇಕು. ಇಲ್ಲವಾದರೆ ಗರಿಗಳ ಅಂಚು ಮುರಿಯುತ್ತದೆ. ದಾರವು ಅತಿಯಾಗಿ ಬಿಗಿಯಾದರೆ ರಂಧ್ರದ ಬಳಿ ಗರಿಯು ಹರಿಯುತ್ತದೆ. ಸಡಿಲವಾದರೆ ಗರಿಗಳು ಒಂದನ್ನೊಂದು ಉಜ್ಜಿ ಅಕ್ಷರಗಳು ಸವೆಯುತ್ತವೆ, ಸಂದುಗಳಲ್ಲಿ ಹುಳು ಸೇರುತ್ತದೆ. ಹೀಗೆ ಕಟ್ಟಿದ ಕಟ್ಟನ್ನು ವಸ್ತ್ರದಲ್ಲಿ ಸುತ್ತಿ, ಹೊಗೆಯಾಡುವ ಅಡುಗೆಮನೆಯ ಅಟ್ಟದ ಮೇಲೋ ದೇವರ ಮನೆಯಲ್ಲೋ ಇಡುತ್ತಿದ್ದರು. ಹೊಗೆಗೆ ಹುಳುಗಳು ಬರುವುದಿಲ್ಲವೆಂಬುದು ಅನುಭವದಿಂದ ಕಂಡುಕೊಂಡ ವಿಷಯ.

ಇಂತಹ ಕಟ್ಟುಗಳನ್ನು ಮನೆಮನೆಗಳಿಂದ ತಂದು ಒಂದೆಡೆ ರಕ್ಷಿಸುವ ಕೆಲಸವು ಮೈಸೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾಯಿತು. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, ೧೮೯೧ರಲ್ಲಿ ಓರಿಯಂಟಲ್ ಲೈಬ್ರರಿಯು ಸ್ಥಾಪಿತವಾಯಿತು. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ವರ್ಷಗಳು ತುಂಬಿದ ೧೮೮೭ರ ನೆನಪಿಗಾಗಿ ಕಟ್ಟಿದ ಜೂಬಿಲಿ ಭವನವೇ ಅದರ ನೆಲೆ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಈ ಸಂಸ್ಥೆಯು ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಹೆಸರಾಗಿದೆ.

ಒಮ್ಮೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಈ ಭಂಡಾರಕ್ಕೆ ಓಲೆಗಳ ಒಂದು ಕಟ್ಟನ್ನು ತಂದೊಪ್ಪಿಸಿದರು. ಅದು ಗ್ರಂಥಲಿಪಿಯಲ್ಲಿದ್ದಿತು. ಭಂಡಾರದ ಪಾಲಕರಾಗಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದಾಗ, ಹೆಸರು ಮಾತ್ರ ಕೇಳಿಬರುತ್ತಿದ್ದ ಕೌಟಿಲ್ಯನ ‘ಅರ್ಥಶಾಸ್ತ್ರ’ವು ಅವರ ಕೈಯಲ್ಲಿತ್ತು. ಅವರು ಅದನ್ನು ಪರಿಷ್ಕರಿಸಿ ೧೯೦೯ರಲ್ಲಿ ಮೂಲವನ್ನು ಅಚ್ಚುಹಾಕಿಸಿದರು; ೧೯೧೫ರಲ್ಲಿ ಅವರ ಇಂಗ್ಲಿಷ್ ಅನುವಾದವು ಗ್ರಂಥರೂಪದಲ್ಲಿ ಹೊರಬಂದಿತು. ಪ್ರಾಚೀನ ಭಾರತೀಯರಿಗೆ ರಾಜ್ಯಾಡಳಿತದ ಶಾಸ್ತ್ರ ತಿಳಿದಿರಲಿಲ್ಲವೆಂಬ ಮಾತು ಅಂದಿಗೆ ನಿಂತಿತು. ಇಷ್ಟು ದೊಡ್ಡ ಸಂಗತಿಯನ್ನು ಅಷ್ಟು ಕಾಲ ಹಿಡಿದಿಟ್ಟುಕೊಂಡಿದ್ದುದು ಓಲೆಗಳ ಒಂದು ಕಟ್ಟು. ಯಾವುದೋ ಒಂದು ಮಳೆಗಾಲದಲ್ಲಿ ಅದರ ಮೇಲೆ ಸೋರಿದ್ದರೆ, ಆ ಕಟ್ಟಿನ ಮಟ್ಟಿಗಂತೂ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಬರಹದ ರಕ್ಷಣೆಯ ವಿಷಯವು ಆ ಗ್ರಂಥದೊಳಗೂ ಇದೆ. ಲೆಕ್ಕಪತ್ರಗಳ ಅಧ್ಯಕ್ಷನು ಕಚೇರಿಯನ್ನು ಪೂರ್ವಕ್ಕೋ ಉತ್ತರಕ್ಕೋ ಮುಖವಾಗಿ ಕಟ್ಟಿಸಬೇಕು, ಅದರಲ್ಲಿ ಗುಮಾಸ್ತರಿಗೆ ಬೇರೆ ಬೇರೆ ಆಸನಗಳಿರಬೇಕು, ದಾಖಲೆ ಪುಸ್ತಕಗಳನ್ನು ಇಡಲು ಗೊತ್ತಾದ ಸ್ಥಳವಿರಬೇಕು ಎಂದು ಕೌಟಿಲ್ಯನು ವಿಧಿಸುತ್ತಾನೆ. ಕ್ರಮ ತಪ್ಪಿ, ಅರ್ಥವಾಗದಂತೆ ಅಥವಾ ಒಂದನ್ನೇ ಎರಡು ಸಲ ಬರೆದವನಿಗೆ ಹನ್ನೆರಡು ಪಣಗಳ ದಂಡ. ಸುಲ್ತಾನನ ಸಂದೇಹಕ್ಕೆ ಬಹು ಹಳೆಯ ಪೂರ್ವಜರಿದ್ದರು.

ಕಾಗದವು ಬಳಕೆಗೆ ಬಂದ ಮೇಲೆ ಬರೆಯುವವನ ಸಾಮಗ್ರಿಯೇ ಬದಲಾಯಿತು. ಕನ್ನಡದ ಕಾಗದ, ಕಲಮು, ದೌತಿ, ದಫ್ತರ ಎಂಬ ಮಾತುಗಳೆಲ್ಲ ಅರಬ್ಬೀ ಪಾರಸೀ ಭಾಷೆಗಳಿಂದ ಬಂದವು. ವಸ್ತುಗಳೊಡನೆ ಹೆಸರುಗಳೂ ಬಂದುವು. ದಫ್ತರವೆಂದರೆ ದಾಖಲೆಗಳ ಕಟ್ಟು. ಗಡಿಯಾಚೆಯ ಮರಾಠಿಯಲ್ಲಿ ಶಾಲೆಯ ಮಕ್ಕಳ ಚೀಲಕ್ಕೂ ಅದೇ ಹೆಸರು. ಕಂಠದ ಬದಲು ಜೊಂಡಿನ ಲೇಖನಿ ಬಂದಿತು. ಅದರ ತುದಿಯು ಸವೆಯುತ್ತಿದ್ದುದರಿಂದ ಆಗಾಗ ಕೆತ್ತಲು ಚಾಕು ಬೇಕು. ಅದ್ದಲು ಮಸಿ ಬೇಕು. ಮಸಿಗೆ ದೌತಿ ಬೇಕು. ಇವೆಲ್ಲವೂ ಸೇರಿದಾಗ ಸೊಂಟದ ಒರೆಯು ಸಾಲದಾಯಿತು. ಹೀಗೆ ಹುಟ್ಟಿದುದು ಕಲಮದಾನ.

ಕಲಮದಾನವು ಉದ್ದವಾದ, ಕಿರಿದಾದ ಪೆಟ್ಟಿಗೆ. ಅದರ ಉದ್ದವು ಲೇಖನಿಯ ಉದ್ದಕ್ಕೆ ಹೊಂದುವಂಥದು. ಒಂದು ತುದಿಯಲ್ಲಿ ಪುಟ್ಟ ದೌತಿಗೆ ಜಾಗವಿರುತ್ತದೆ. ಮಸಿಯಿರುವ ಪೆಟ್ಟಿಗೆಯನ್ನು ಹೊತ್ತು ನಡೆದರೆ ಮಸಿ ಚೆಲ್ಲುವುದಿಲ್ಲವೇ ಎಂಬ ಸಂದೇಹ ಬರಬಹುದು. ಅದಕ್ಕೆ ಉಪಾಯವನ್ನು ಆಗಲೇ ಕಂಡುಕೊಂಡಿದ್ದರು. ದೌತಿಯೊಳಗೆ ರೇಷ್ಮೆಯ ನೂಲಿನ ಒಂದು ಉಂಡೆಯನ್ನು ಇಟ್ಟು ಅದಕ್ಕೆ ಮಸಿಯನ್ನು ಕುಡಿಸುತ್ತಿದ್ದರು. ಮಸಿಯು ನೂಲಿನ ಎಳೆಗಳ ನಡುವೆ ಹಿಡಿದು ನಿಲ್ಲುತ್ತಿತ್ತು. ದೌತಿಯು ವಾಲಿದರೂ ಥಟ್ಟನೆ ಚೆಲ್ಲುತ್ತಿರಲಿಲ್ಲ. ಲೇಖನಿಯನ್ನು ಒತ್ತಿದಾಗ ಬೇಕಾದಷ್ಟೇ ಮಸಿ ಹತ್ತುತ್ತಿತ್ತು. ತುದಿಯು ದೌತಿಯ ತಳಕ್ಕೆ ಬಡಿದು ಮುರಿಯುವ ಭಯವೂ ಇರಲಿಲ್ಲ. ಇಷ್ಟು ಸಣ್ಣ ಉಪಾಯದಿಂದ ಮೂರು ಕಷ್ಟಗಳು ಪರಿಹಾರವಾದುವು.

ಕರ್ನಾಟಕದಲ್ಲಿ ಕಲಮದಾನದ ಅತ್ಯಂತ ಸುಂದರವಾದ ರೂಪವನ್ನು ಕಂಡುದು ಬೀದರಿನಲ್ಲಿ. ಅಲ್ಲಿಯ ಬಿದರಿ ಕೆಲಸದವರು ಹೆಚ್ಚು ಸತುವಿಗೆ ತುಸು ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಅದರ ಮೇಲೆ ಚಿತ್ತಾರ ಕೊರೆದು, ಕೊರೆದ ಜಾಗಕ್ಕೆ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಬಳಿಕ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ ಉಜ್ಜಿದರೆ, ಲೋಹವು ಕಪ್ಪಾಗುತ್ತದೆ. ಬೆಳ್ಳಿಯು ಬೆಳ್ಳಗೆಯೇ ಉಳಿಯುತ್ತದೆ. ಈ ರೀತಿಯಲ್ಲಿ ಹೂಜಿ, ಹುಕ್ಕದ ಬುರುಡೆಗಳೊಡನೆ ಕಲಮದಾನಗಳನ್ನೂ ಮಾಡುತ್ತಿದ್ದರು. ಅವು ಭಾರವಾದವು, ಹೊತ್ತು ತಿರುಗುವುದಕ್ಕಿಂತ ದಿವಾನರ ಗಾದಿಯ ಪಕ್ಕದಲ್ಲಿ ಶೋಭಿಸುವುದಕ್ಕೆ ತಕ್ಕವು. ಹಳ್ಳಿಯ ಶಾನುಭೋಗನ ಲೇಖನಿಗೆ ಇಂತಹ ವೈಭವವಿರಲಿಲ್ಲ. ಕಿವಿಯ ಸಂದೇ ಅದಕ್ಕೆ ಕಲಮದಾನವಾಗಿತ್ತು. ಲೆಕ್ಕದ ಪುಸ್ತಕಗಳಿಗೆ ಒಂದು ಚೌಕವಸ್ತ್ರವೇ ಕಚೇರಿಯಾಗಿತ್ತು.

ಬೀದರಿನವರು ಲೋಹದಲ್ಲಿ ಮಾಡಿದುದನ್ನು ಮೈಸೂರಿನವರು ಮರದಲ್ಲಿ ಮಾಡಿದರು. ಮೈಸೂರಿನ ಬೀಟೆಮರದ ಕೆತ್ತುಕೂರಣೆಯ ಕೆಲಸವು ಪ್ರಸಿದ್ಧವಾದುದು. ಕರಿಬಣ್ಣದ ಬೀಟೆಯಲ್ಲಿ ಚಿತ್ರದ ಆಕಾರಕ್ಕೆ ಸರಿಯಾಗಿ ತೋಡಿ, ಬೇರೆ ಬಣ್ಣದ ಮರಗಳ ತೆಳುವಾದ ತುಂಡುಗಳನ್ನು ಅದೇ ಆಕಾರಕ್ಕೆ ಕತ್ತರಿಸಿ ಅಂಟಿನಿಂದ ಕೂರಿಸಿ, ಉಜ್ಜಿ, ಮೆರುಗು ಕೊಡುತ್ತಾರೆ. ಹಿಂದೆ ಬಿಳಿಯ ಬಣ್ಣಕ್ಕೆ ಆನೆಯ ದಂತವನ್ನು ಬಳಸುತ್ತಿದ್ದರು. ೧೯೧೨ರಲ್ಲಿ ಪೂರ್ಣಗೊಂಡ ಅಂಬಾವಿಲಾಸ ಅರಮನೆಯ ಬಾಗಿಲುಗಳಲ್ಲಿ ಆ ಕೆಲಸವನ್ನು ಇಂದಿಗೂ ಕಾಣಬಹುದು. ದಂತದ ವ್ಯಾಪಾರವನ್ನು ಕಾಯಿದೆಯು ನಿಷೇಧಿಸಿದ ಮೇಲೆ ಬೇರೆ ವಸ್ತುಗಳು ಆ ಸ್ಥಾನಕ್ಕೆ ಬಂದಿವೆ. ಸೊರಬ ಸಾಗರಗಳ ಕಡೆಯ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತಿದ ಪೆಟ್ಟಿಗೆಗಳದು ಇನ್ನೊಂದು ಬಗೆ. ಗಣ್ಯರಿಗೆ ಬಿನ್ನವತ್ತಳೆಯನ್ನು ಅರ್ಪಿಸುವಾಗ ಅದನ್ನು ಸುರುಳಿಮಾಡಿ ಗಂಧದ ಪೆಟ್ಟಿಗೆಯಲ್ಲಿಟ್ಟು ಕೊಡುವುದು ಮೈಸೂರು ಸಂಸ್ಥಾನದಲ್ಲಿ ವಾಡಿಕೆಯಾಗಿತ್ತು. ಕಾಲ ಕಳೆದಂತೆ ಬಿನ್ನವತ್ತಳೆಯ ಹೊಗಳಿಕೆಯನ್ನು ಓದುವವರಿಲ್ಲದಂತಾದರೂ ಪೆಟ್ಟಿಗೆಯ ಸೊಬಗು ಉಳಿಯಿತು. ಇದು ಹೊದಿಕೆಯು ಬರಹವನ್ನು ಮೀರಿಸಿದ ನಿದರ್ಶನ.

ಮೈಸೂರಿಗೆ ಸಂಬಂಧಿಸಿದ ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಕಾಡಿನ ಅರಗನ್ನು ಆಧರಿಸಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯು ಆರಂಭವಾಯಿತು. ಲಕೋಟೆ ಮತ್ತು ಚೀಲಗಳ ಬಾಯಿಗೆ ಮುದ್ರೆಯೊತ್ತುವ ಅರಗು ಅಲ್ಲಿಯ ತಯಾರಿಕೆಗಳಲ್ಲೊಂದು. ಬೀಗವನ್ನು ಮುರಿದು ಮತ್ತೆ ಹಾಕಬಹುದು. ಅರಗಿನ ಮುದ್ರೆಯನ್ನು ಒಡೆದರೆ ಹಿಂದಿನಂತೆ ಕೂಡಿಸಲಾಗದು. ತೆರೆಯದಂತೆ ತಡೆಯುವ ಶಕ್ತಿ ಅದಕ್ಕಿಲ್ಲ, ತೆರೆದರೆಂದು ಸಾರುವ ಶಕ್ತಿಯಿದೆ. ಕಡತಕ್ಕೆ ಇಲ್ಲದಿದ್ದ ಗುಣವು ಇದೇ. ೧೯೬೨ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಮಸಿಯೂ ಈ ಕಾರ್ಖಾನೆಯಿಂದಲೇ ಬರುತ್ತಿದೆ. ಅದರಲ್ಲಿರುವ ಬೆಳ್ಳಿಯ ಲವಣವು ಬೆಳಕು ತಾಗಿದರೆ ಕೆಡುವುದರಿಂದ, ಅದನ್ನು ಕಂದುಬಣ್ಣದ ಸೀಸೆಗಳಲ್ಲಿ ತುಂಬುತ್ತಾರೆ.

ಮಸಿಯನ್ನು ದೌತಿಯಲ್ಲಿ ಬೇರೆಯಾಗಿ ಹೊರುವ ಕಷ್ಟವನ್ನು ತಪ್ಪಿಸಿದುದು ಫೌಂಟನ್ ಪೆನ್ನು. ಲೇಖನಿಯ ಹೊಟ್ಟೆಯಲ್ಲಿಯೇ ಮಸಿಯನ್ನು ತುಂಬುವ ಯತ್ನಗಳು ಬಹಳ ಹಿಂದೆಯೇ ನಡೆದಿದ್ದರೂ, ನಂಬಿಕೆಗೆ ಅರ್ಹವಾದ ಪೆನ್ನು ಪ್ರಚಾರಕ್ಕೆ ಬಂದುದು ಅಮೆರಿಕದ ಲೂಯಿ ವಾಟರ್‌ಮನ್ ೧೮೮೪ರಲ್ಲಿ ಸ್ವಾಮ್ಯಪತ್ರ ಪಡೆದ ಅನಂತರ. ಭಾರತದಲ್ಲಿ ಸ್ವದೇಶಿ ಚಳುವಳಿಯ ಕಾಲಕ್ಕೆ ರಾಜಮಹೇಂದ್ರಿಯ ರತ್ನಂ ಎಂಬ ಕುಶಲಕರ್ಮಿಯು ಎಬೊನೈಟಿನ ಪೆನ್ನನ್ನು ಮಾಡಿ ಗಾಂಧೀಜಿಯವರಿಗೆ ಕಳುಹಿಸಿದರು. ಗಾಂಧೀಜಿಯವರು ಅದನ್ನು ಮೆಚ್ಚಿ ೧೯೩೫ರಲ್ಲಿ ಪತ್ರ ಬರೆದರು.

ಫೌಂಟನ್ ಪೆನ್ನಿಗೆ ಅದರದೇ ಆದ ಒಂದು ತೊಂದರೆಯಿದೆ. ಅಂಗಿಯ ಜೇಬಿನ ಮೇಲಿನ ನೀಲಿಯ ಕಲೆಯು ಅದರ ಗುರುತು. ಇದಕ್ಕೆ ಕಾರಣವೇನೆಂಬುದನ್ನು ವಿಜ್ಞಾನವು ವಿವರಿಸುತ್ತದೆ. ಪೆನ್ನಿನ ಮುಳ್ಳಿನ ಕೆಳಗಿರುವ ನಾಲಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿರುತ್ತವೆ. ಮಸಿಯು ಅವುಗಳ ಮೂಲಕ ಇಳಿದು ಬಂದಂತೆ, ಹೊರಗಿನ ಗಾಳಿಯು ಒಳಹೋಗಿ ಬರಿದಾದ ಜಾಗವನ್ನು ತುಂಬುತ್ತದೆ. ಪೆನ್ನು ಜೇಬಿನಲ್ಲಿ ಮೈಯ ಶಾಖಕ್ಕೆ ಬಿಸಿಯಾದಾಗ ಒಳಗಿನ ಗಾಳಿಯು ಹಿಗ್ಗಿ ಮಸಿಯನ್ನು ಹೊರಕ್ಕೆ ತಳ್ಳುತ್ತದೆ. ಪೆನ್ನಿನಲ್ಲಿ ಮಸಿ ಕಡಮೆಯಿದ್ದಷ್ಟೂ ಗಾಳಿ ಹೆಚ್ಚು. ಗಾಳಿ ಹೆಚ್ಚಾದಷ್ಟೂ ತಳ್ಳುವ ಬಲವೂ ಹೆಚ್ಚು. ಆದುದರಿಂದ ಮುಗಿಯುತ್ತ ಬಂದ ಪೆನ್ನೇ ಹೆಚ್ಚಾಗಿ ಸೋರುತ್ತದೆ. ಮುಳ್ಳು ಮೇಲ್ಮುಖವಾಗಿದ್ದರೆ ಗಾಳಿಯು ಮೇಲೇರಿ ತಾನೇ ಹೊರಹೋಗುತ್ತದೆ, ಮಸಿಯು ಕೆಳಗೆ ಉಳಿಯುತ್ತದೆ. ಮುಚ್ಚಳಕ್ಕೆ ಜೋಡಿಸಿದ ಕೊಂಡಿಯು ಅಲಂಕಾರಕ್ಕಾಗಿ ಬಂದುದಲ್ಲ. ಪೆನ್ನನ್ನು ಜೇಬಿನ ಅಂಚಿಗೆ ಸಿಕ್ಕಿಸಿ ನೆಟ್ಟಗೆ ನಿಲ್ಲಿಸಿ, ಬಗ್ಗಿದಾಗ ಕೆಳಗೆ ಬೀಳದಂತೆ ಹಿಡಿಯುವುದೇ ಅದರ ಕೆಲಸ. ಹಿಂದಿನ ಒರೆ ಮತ್ತು ಕಲಮದಾನಗಳು ಮಾಡುತ್ತಿದ್ದ ಕೆಲಸವನ್ನು ಇಪ್ಪತ್ತನೆಯ ಶತಮಾನದಲ್ಲಿ ಒಂದು ಮುಚ್ಚಳ ಮತ್ತು ಒಂದು ಕೊಂಡಿ ವಹಿಸಿಕೊಂಡವು.

ಆದರೂ ಒಂದಕ್ಕಿಂತ ಹೆಚ್ಚು ಪೆನ್ನುಗಳನ್ನು ಒಯ್ಯುವವರಿಗೆ ಒರೆಯ ಅಗತ್ಯವು ತಪ್ಪಲಿಲ್ಲ. ಒಂದೇ ಚೀಲದಲ್ಲಿ ಹಾಕಿದ ಪೆನ್ನುಗಳು ಒಂದನ್ನೊಂದು ತಿಕ್ಕಿ ಗೀರುಬೀಳುತ್ತವೆ. ಎಬೊನೈಟೆಂಬುದು ಗಂಧಕವನ್ನು ಸೇರಿಸಿ ಕಾಯಿಸಿ ಗಟ್ಟಿಮಾಡಿದ ರಬ್ಬರು; ಅದು ಬಿಸಿಲಿನಲ್ಲಿ ಬಹುಕಾಲವಿದ್ದರೆ ಕಪ್ಪು ಕಳೆದು ಕಂದಾಗುತ್ತದೆ. ಆದುದರಿಂದ ಒಂದೊಂದು ಪೆನ್ನಿಗೆ ಒಂದೊಂದು ಗೂಡಿರುವ ಚರ್ಮದ ಇಲ್ಲವೆ ಬಟ್ಟೆಯ ಒರೆಗಳು ಬಂದುವು. ಚರ್ಮದ ಒರೆಯು ನೋಟಕ್ಕೆ ಚೆಂದ, ಪೆಟ್ಟಿಗೆ ಗಟ್ಟಿ; ಆದರೆ ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಗೂಡುಗಳಾಗಿ ಹೊಲಿದ ಹತ್ತಿಬಟ್ಟೆಯ ಪಟ್ಟಿಯನ್ನು ಸುರುಳಿ ಸುತ್ತಿ ದಾರದಿಂದ ಕಟ್ಟುವ ಒರೆಯೇ ಈ ನಾಡಿನ ಹವೆಗೆ ಹೆಚ್ಚು ಹೊಂದುವಂಥದು. ಅದನ್ನು ಒಗೆಯಬಹುದು; ಹರಿದರೆ ಮನೆಯಲ್ಲಿಯೇ ಹೊಲಿಯಬಹುದು; ಸೋರಿದ ಮಸಿಯನ್ನು ಅದೇ ಹೀರಿಕೊಳ್ಳುತ್ತದೆ. ಬಹುದಿನ ಬಳಸದೆ ಇಡುವ ಪೆನ್ನನ್ನು ಮಾತ್ರ ಮಸಿ ತೆಗೆದು, ತಣ್ಣೀರಿನಲ್ಲಿ ತೊಳೆದು, ಒಣಗಿಸಿಯೇ ಇಡಬೇಕು. ಕಾಲುವೆಗಳಲ್ಲಿ ಮಸಿಯು ಒಣಗಿ ಕಟ್ಟಿಕೊಂಡರೆ ಎಂತಹ ಒರೆಯೂ ಅದನ್ನು ಉಳಿಸಲಾರದು.

ಜೂಬಿಲಿ ಭವನದ ಓಲೆಗಳನ್ನು ಈಗ ಚಿತ್ರಗಳಾಗಿ ಸೆರೆಹಿಡಿದು ಗಣಕಯಂತ್ರದಲ್ಲಿ ಸಂಗ್ರಹಿಸುವ ಕಾರ್ಯವು ನಡೆದಿದೆ. ಚಿತ್ರವನ್ನು ದೂರದೇಶದಲ್ಲಿದ್ದವರೂ ಓದಬಹುದ. ಓಲೆಯನ್ನು ಪದೇ ಪದೇ ಮುಟ್ಟುವ ಅಗತ್ಯವೂ ಇಲ್ಲ. ಆದರೆ ಚಿತ್ರ ತೆಗೆದ ಮಾತ್ರಕ್ಕೆ ಓಲೆಯ ಕೆಲಸವು ಮುಗಿಯುವುದಿಲ್ಲ. ಒಂದೊಂದು ಗರಿಯ ಧೂಳನ್ನೂ ಮೆತ್ತಗೆ ಒರಸುತ್ತಾರೆ. ಮಾಸಿದ ಅಕ್ಷರಗಳಿಗೆ ಕಾಡಿಗೆ ಸವರುತ್ತಾರೆ. ಹುಳು ಬಾರದಂತೆಯೂ ಗರಿಯು ಒಣಗಿ ಸೆಟೆಯದಂತೆಯೂ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಹಚ್ಚುತ್ತಾರೆ. ಬಳಿಕ ಗರಿಗಳನ್ನು ಕ್ರಮವಾಗಿ ಜೋಡಿಸಿ, ಎರಡು ಹಲಗೆಗಳ ನಡುವೆ ಇಟ್ಟು, ಅತಿ ಬಿಗಿಯೂ ಅಲ್ಲದೆ ಅತಿ ಸಡಿಲವೂ ಅಲ್ಲದೆ ದಾರವನ್ನು ಸುತ್ತಿ, ಕಪಾಟಿನಲ್ಲಿ ಮೊದಲಿದ್ದ ಜಾಗದಲ್ಲಿಯೇ ಇಡುತ್ತಾರೆ.